ಹೆಡ್ಲಿಯ ಹುಲ್ಲು

ಕಡಲೊಳಗೆ ಚಾಚಿದ ಪೆನ್‌ಗ್ರಿಸ್ ತುದಿಯಲ್ಲಿ ಕಾರು ನಿಲ್ಲಿಸುವ ಕಡೆ ನನ್ನದೊಂದು ಚಹಾದ ಗೂಡಂಗಡಿ ಇದೆ. ಕಾರ್ನ್‌ವಾಲಿನ ಈ ಕಡಲ ಬಂಡೆಗಳ ಮೇಲೆ ನಡೆಯಲು ಬರುವವರು ಹೋಗುವಾಗ ನನ್ನನ್ನು ನೋಡಿಯೂ ನೋಡದವರ ಹಾಗೆ ಹೋಗುತ್ತಾರೆ. ಗಾಳಿ ಮುಖಕ್ಕೆ ನಾಲ್ಕು ಬಾರಿಸಿದ ಮೇಲೆ ವಾಪಸು ಬಂದು, ಹಳೆಯ ನೆಂಟರಂತೆ ಕಿಟಕಿಗೆ ಒರಗಿ ನಿಲ್ಲುತ್ತಾರೆ. ಯಾರು ನೀಲಿ ಗುರುತಿನ ಹಾದಿ ಹಿಡಿದರು, ಯಾರು ದಂಡೆಯ ಉದ್ದದ ಹಾದಿ ಹಿಡಿದರು, ಯಾರ ನಾಯಿ ಎಲ್ಲಿ ಕೂತು ಎದ್ದಿತು, ಯಾರು ಕೋಟಿನೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಹೋದರು, ಎಲ್ಲವೂ ನನಗೆ ತಿಳಿಯುತ್ತದೆ. ಕೋಟಿನೊಳಗೆ ಬಚ್ಚಿಟ್ಟುಕೊಂಡು ಹೋಗುವುದು ಸಾಮಾನ್ಯವಾಗಿ ಬೂದಿ.

ಈಗ ನಮ್ಮ ಕಡೆ ಸತ್ತವರನ್ನು ಹೂಳುವವರು ಕಡಿಮೆ. ಸುಟ್ಟ ಮೇಲೆ ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ಬೂದಿ ತುಂಬಿ ಕೊಡುತ್ತಾರೆ. ಅದು ಮನೆಯ ಕಪಾಟಿನಲ್ಲಿ ಕೆಲವು ತಿಂಗಳು ಕೂರುತ್ತದೆ. ಆಮೇಲೊಂದು ದಿನ ಯಾರೋ ಒಬ್ಬರು, ಅಪ್ಪನಿಗೆ ಪೆನ್‌ಗ್ರಿಸ್ ಅಂದರೆ ಪ್ರಾಣವಾಗಿತ್ತು ಎನ್ನುತ್ತಾರೆ. ಅಪ್ಪ ಬದುಕಿದ್ದಾಗ ಇಲ್ಲಿಗೆ ಬಂದದ್ದು ಎರಡು ಸಲವೋ ಮೂರು ಸಲವೋ, ಬಂದಾಗಲೆಲ್ಲ ಕಾರಿನಿಂದ ಇಳಿಯದೆ ಪೇಪರ್ ಓದಿದ್ದನ್ನು ನಾನು ನೋಡಿರುತ್ತೇನೆ. ಆದರೂ ಸುಮ್ಮನಿರುತ್ತೇನೆ. ಇಲ್ಲಿ ಬೂದಿಯನ್ನು ಗಾಳಿಗೆ ತೂರಲು ಆಗುವುದಿಲ್ಲ, ತೂರಿದವರ ಕಣ್ಣಿಗೇ ಬಂದು ಬೀಳುತ್ತದೆ. ಹಾಗಾಗಿ ಎಲ್ಲರೂ ಮಾಡುವುದು ಒಂದೇ: ಗಾಳಿ ತಾಗದ ಒಂದು ಬಂಡೆಯ ಮಗ್ಗುಲು ಹುಡುಕಿ ಡಬ್ಬಿಯನ್ನು ಅಲ್ಲೇ ಬೋರಲು ಹಾಕುತ್ತಾರೆ, ತುಸು ಹೊತ್ತು ತಲೆ ತಗ್ಗಿಸಿ ನಿಲ್ಲುತ್ತಾರೆ, ವಾಪಸು ಬಂದು ನನ್ನ ಹತ್ತಿರ ಚಹಾ ಕುಡಿಯುತ್ತಾರೆ.

ಇದನ್ನು ಕಂಡರೆ ಹೆಡ್ಲಿ ಟ್ರೆಗೆಂಜಾನಿಗೆ ಮೈಯೆಲ್ಲ ಉರಿಯುತ್ತಿತ್ತು. ಅವನು ಈ ತುದಿಯ ವಾರ್ಡನ್. ಹಾದಿ, ಗಿಡ, ಹಕ್ಕಿ, ಹಾವು ಎಲ್ಲದರ ಕಾವಲು ಅವನದು. ಈ ನೆಲದ ಗುಣವೇ ಬಡತನ, ಅದು ಹಸಿದುಕೊಂಡೇ ಇರಬೇಕು ಎನ್ನುತ್ತಿದ್ದ. ನಾವು ಗ್ರಿಗ್ ಎನ್ನುವ ಕುರುಚಲು ಗಿಡ ಬದುಕುವುದೇ ಅಂಥ ಹಸಿದ ನೆಲದಲ್ಲಿ. ಬೇಸಿಗೆಯ ಕೊನೆಗೆ ತುದಿಗೆ ತುದಿಯೇ ನೇರಳೆಯಾಗಿ, ಅದನ್ನು ನೋಡಲು ಲಂಡನ್ನಿನಿಂದ ಜನ ಬರುವುದು ಗ್ರಿಗ್ ಹೂ ಬಿಟ್ಟಾಗ. ನೆಲಕ್ಕೆ ಚೂರು ಗೊಬ್ಬರ ಸಿಕ್ಕಿತೋ, ಹುಲ್ಲು ನುಗ್ಗಿ ಬಂದು ಗ್ರಿಗ್ಗನ್ನು ಕತ್ತು ಹಿಸುಕಿ ಕೊಲ್ಲುತ್ತದೆ. ಅದಕ್ಕೇ ಹೆಡ್ಲಿ ಕಡಿದ ಮುಳ್ಳುಪೊದೆಯನ್ನು ಅಲ್ಲೇ ಕೊಳೆಯಲು ಬಿಡುತ್ತಿರಲಿಲ್ಲ, ಹೊತ್ತು ಹೊರಗೆ ಹಾಕುತ್ತಿದ್ದ. ನಾಯಿ ತಂದವರ ಹಿಂದೆ ಚೀಲ ಹಿಡಿದುಕೊಂಡು ಹೋಗುತ್ತಿದ್ದ. ದಯವಿಟ್ಟು ಬೂದಿ ಹಾಕಬೇಡಿ ಎಂದು ನನ್ನ ಅಂಗಡಿಯ ಪಕ್ಕದಲ್ಲೇ ಫಲಕ ನೆಟ್ಟಿದ್ದ. ಜನ ಆ ಫಲಕಕ್ಕೆ ಒರಗಿಯೇ ಶೂ ಕಟ್ಟಿಕೊಳ್ಳುತ್ತಿದ್ದರು.

ಬೂದಿ ಬಿದ್ದ ಕಡೆ ಮೊದಲು ಗ್ರಿಗ್ ಕಂದಿ ಸಾಯುತ್ತದೆ. ಮರುವರ್ಷ ಅಲ್ಲಿ ಒಂದು ಹಸಿರು ತೇಪೆ ಕಾಣಿಸುತ್ತದೆ. ಕಂಡ ಕೂಡಲೇ ಹೆಡ್ಲಿ, ಜನ ಬರುವ ಮೊದಲು ಬೆಳಗ್ಗೆಯೇ ಹೋಗಿ, ಸಲಿಕೆಯಾಳದಷ್ಟು ಮಣ್ಣನ್ನು ಹುಲ್ಲಿನ ಸಮೇತ ಎತ್ತಿ, ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ, ಬೇಲಿಯಾಚೆ ಹಳೆಯ ತವರದ ಗಣಿಯ ಹಿಂದೆ ಸುರಿದು ಬರುತ್ತಿದ್ದ. ಯಾರದೋ ಅಪ್ಪ, ಯಾರದೋ ಅಮ್ಮ. ಅವರ ಮನೆಯವರು ವರ್ಷದ ದಿನ ಹೂ ಹಿಡಿದುಕೊಂಡು ಬಂದು, ಜಾಗ ಗುರುತು ಸಿಗದೆ ನನ್ನನ್ನು ಕೇಳುತ್ತಿದ್ದರು. ಅಲ್ಲೇ ಎಲ್ಲೋ ಇರಬೇಕು, ಗಾಳಿ ಮಳೆಗೆ ಗುರುತು ಹೋಗಿರುತ್ತದೆ ಎನ್ನುತ್ತಿದ್ದೆ. ಹೆಡ್ಲಿ ಆ ಹೊತ್ತಿಗೆ ಎಲ್ಲಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಆ ಹೆಡ್ಲಿ ಒಂದು ನವೆಂಬರಿನಲ್ಲಿ ಮುಳ್ಳುಪೊದೆ ಕಡಿಯುತ್ತಾ ಕಡಿಯುತ್ತಾ ಇಳಿಜಾರಿನಲ್ಲಿ ಕೂತವನು ಏಳಲಿಲ್ಲ. ಅವನ ಕೈಕೆಳಗೆ ಕೆಲಸ ಮಾಡುತ್ತಿದ್ದ ಜೇಗೊ ನೋಡಿದಾಗ ಗರಗಸ ಇನ್ನೂ ಕೈಯಲ್ಲೇ ಇತ್ತಂತೆ. ಅವನ ಹೆಂಡತಿ ಥರ್ಜಾ ನನ್ನ ಶಾಲೆಯ ದಿನಗಳ ಗೆಳತಿ. ಗಂಡ ಹೋದ ಮೇಲೆ ಅವಳ ಮನೆಯೂ ಹೋಯಿತು, ಯಾಕೆಂದರೆ ತುದಿಯ ಕೆಳಗಿನ ಆ ಕಲ್ಲಿನ ಮನೆ ಕೆಲಸದ ಜೊತೆ ಬರುವ ಮನೆ. ಹೊಸ ವಾರ್ಡನ್ ಆದ ಜೇಗೊ ಹೆಂಡತಿಯನ್ನು ಕರೆದುಕೊಂಡು ಅಲ್ಲಿಗೆ ಬಂದ. ಥರ್ಜಾ ಬಂದರಿನ ಬಳಿ ಮೀನಂಗಡಿಯ ಮೇಲಿನ ಎರಡು ಕೋಣೆಗೆ ಹೋದಳು. ಇದರಲ್ಲಿ ಜೇಗೊನ ತಪ್ಪೇನೂ ಇಲ್ಲ, ಆದರೂ ಅವನು ಅವಳ ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುವಾಗ ಕದ್ದ ಮಾಲು ಸಾಗಿಸುವವನ ಹಾಗೆ ತಲೆ ಎತ್ತದೆ ಓಡಾಡಿದ.

ಅಂದಿನಿಂದ ಪ್ರತಿ ಭಾನುವಾರ ಚಾಪೆಲ್ಲಿನ ಪ್ರಾರ್ಥನೆ ಮುಗಿದ ಮೇಲೆ ಥರ್ಜಾ ನೀಲಿ ಗುರುತಿನ ಹಾದಿಯಲ್ಲಿ ನಡೆಯಲು ಬರತೊಡಗಿದಳು. ಹೆಡ್ಲಿ ಇದ್ದಾಗ ಅವಳು ಈ ಹಾದಿ ತುಳಿದದ್ದು ಅಪರೂಪ. ಚಳಿ ಮುಗಿಯುವ ಹೊತ್ತಿಗೆ ಒಂದು ಭಾನುವಾರ, ಸಮುದ್ರದಿಂದ ತುಂತುರು ಮಂಜು ಎದ್ದು ಹತ್ತಡಿ ಆಚೆಯದು ಕಾಣದ ದಿನ, ಅವಳ ಕೋಟು ಎದೆಯ ಹತ್ತಿರ ಉಬ್ಬಿಕೊಂಡಿತ್ತು.

"ಚಹಾ ಕುಡ್ಕೊಂಡು ಹೋಗೇ," ಎಂದೆ.

"ಈಗ ಬೇಡ ಕಣೇ. ಬರ್ತಾ ಕುಡೀತೀನಿ."

ಬರುವಾಗ ಕೋಟು ಚಪ್ಪಟೆಯಾಗಿತ್ತು. ನಾನು ಏನೂ ಕೇಳದೆ ಚಹಾ ಕೊಟ್ಟೆ, ಕೇಸರಿ ಬನ್ನಿಗೆ ಬೆಣ್ಣೆ ಹಚ್ಚಿ ಕೊಟ್ಟೆ. ಅವಳು ಎರಡನ್ನೂ ಪೂರ್ತಿ ಮುಗಿಸಿದಳು. ಅಷ್ಟು ಚೆನ್ನಾಗಿ ತಿಂದದ್ದನ್ನು ಹೆಡ್ಲಿ ಹೋದ ಮೇಲೆ ನಾನು ನೋಡಿರಲಿಲ್ಲ.

ಪಾಪ, ಬೂದಿ ಸುರಿದರೆ ಏನಾಗುತ್ತದೆ ಎಂದು ಇವಳಿಗೆ ಗೊತ್ತಿಲ್ಲ ಅಂದುಕೊಂಡೆ. ಹೆಡ್ಲಿ ಊಟದ ಮೇಜಿನ ಮೇಲೂ ಮಣ್ಣಿನ ಮಾತೇ ಆಡುತ್ತಿದ್ದವನು. ಯಾವ ಹೆಂಡತಿ ತಾನೇ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಾಳೆ? ನನ್ನ ಗಂಡ ದೋಣಿಯ ಇಂಜಿನ್ನಿನ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ನನಗೆ ನೆನಪಿಲ್ಲ. ತಲೆ ಆಡಿಸುತ್ತಾ ನಾಳೆಗೆ ಏನು ಬೇಯಿಸುವುದು ಎಂದು ಯೋಚಿಸುತ್ತಿರುತ್ತೇವೆ. ಥರ್ಜಾಳೂ ಹಾಗೇ ಇದ್ದಿರಬೇಕು ಎಂದು ನನಗೆ ನಾನೇ ತೀರ್ಮಾನ ಕೊಟ್ಟುಕೊಂಡೆ.

ಅವಳು ಸುರಿದದ್ದು ಗಣಿಯ ಚಿಮಣಿ ದಾಟಿ ಹಾದಿ ಕಡಲಿನತ್ತ ತಿರುಗುವ ಕಡೆ, ಒಂದು ದೊಡ್ಡ ಬಂಡೆಯ ಮಗ್ಗುಲಲ್ಲಿ. ಆ ಬೇಸಿಗೆ ಅಲ್ಲಿ ಗ್ರಿಗ್ ಹೂ ಬಿಡಲಿಲ್ಲ. ಮರುವಸಂತದಲ್ಲಿ ಹುಲ್ಲು ಬಂತು. ಸುತ್ತಲೂ ಕಂದು ಕುರುಚಲು, ನಡುವೆ ಒಂದು ಮಂಚದಷ್ಟು ಅಗಲ ಎಳೆಹಸಿರು. ಬೇರೆ ಯಾವ ಊರಿನಲ್ಲಾದರೂ ಅದನ್ನು ನೋಡಿ ಕಣ್ಣು ತಂಪಾಗುತ್ತಿತ್ತು, ಇಲ್ಲಿ ಅದು ಮೈಮೇಲೆ ಎದ್ದ ಕಜ್ಜಿ. ಥರ್ಜಾ ಭಾನುವಾರ ಅದರ ಅಂಚಿನಲ್ಲಿ ಕೂತು, ಕೈಗವಸು ತೆಗೆದು, ಹುಲ್ಲಿನ ಮೇಲೆ ಅಂಗೈ ಇಟ್ಟುಕೊಂಡಿರುತ್ತಿದ್ದಳು. ನಡೆಯುವವರು ಗುಡ್ ಮಾರ್ನಿಂಗ್ ಅಂದರೆ ಅವಳೂ ಅನ್ನುತ್ತಿದ್ದಳು.

ಜೇಗೊ ಮೊದಲ ದಿನವೇ ಕಂಡಿದ್ದ, ಕಾಣದೆ ಇರುತ್ತಾನೆಯೇ? ಆ ಬೇಸಿಗೆಯಲ್ಲಿ ಬೇರೆಯವರ ತೇಪೆಗಳನ್ನೆಲ್ಲ ತೆಗೆದ. ಇದರ ಹತ್ತಿರ ಬಂದಾಗ ಮಾತ್ರ ದುರ್ಬೀನು ಎತ್ತಿ ಸಮುದ್ರದ ಕಡೆ ನೋಡುತ್ತಾ ದಾಟುತ್ತಿದ್ದ.

ಹುಲ್ಲು ಸುಮ್ಮನೆ ಇದ್ದಿದ್ದರೆ ಅವನೂ ಸುಮ್ಮನೆ ಇರುತ್ತಿದ್ದನೋ ಏನೋ. ಜನ ಬಿಡಲಿಲ್ಲ. ಇಡೀ ತುದಿಯಲ್ಲಿ ಕೂತರೆ ಚುಚ್ಚದ, ಗಾಳಿ ತಾಗದ, ಎದುರಿಗೆ ಕಡಲು ಕಾಣುವ ಜಾಗ ಅದೊಂದೇ. ಜುಲೈ ಬರುವ ಹೊತ್ತಿಗೆ ಅದು ಎಲ್ಲರ ಬುತ್ತಿ ಬಿಚ್ಚುವ ಜಾಗವಾಯಿತು. ಹಾದಿಯಿಂದ ಅಲ್ಲಿಗೆ ಒಂದು ಕವಲುಹಾದಿ ತಾನಾಗಿಯೇ ಬಿತ್ತು, ಗ್ರಿಗ್ ತುಳಿತಕ್ಕೆ ಸಿಕ್ಕು ಪುಡಿಯಾಯಿತು. ಪೇಸ್ಟ್ರಿಯ ಚೂರು, ಸೇಬಿನ ದಿಂಡು, ಮಕ್ಕಳ ಉಚ್ಚೆ, ನಾಯಿಗಳ ಎಲ್ಲವೂ. ತಿಂದಷ್ಟೂ ಹುಲ್ಲು ಕೊಬ್ಬಿತು, ಬೇಸಿಗೆ ಮುಗಿಯುವಷ್ಟರಲ್ಲಿ ಎರಡರಷ್ಟಾಯಿತು. ಬರ್ಮಿಂಗ್‌ಹ್ಯಾಮಿನ ಹೆಂಗಸೊಬ್ಬಳು ನನ್ನ ಕಿಟಕಿಯಲ್ಲಿ ನಿಂತು, ನಿಮ್ಮ ವಾರ್ಡನ್ ಎಷ್ಟು ಒಳ್ಳೆಯವನು, ನಮಗೆ ಕೂರಲು ಹುಲ್ಲು ಬೆಳೆಸಿದ್ದಾನೆ ಎಂದಳು. ಅವಳ ಚಹಾಕ್ಕೆ ನಾನು ಸಕ್ಕರೆ ಹಾಕಲೇ ಇಲ್ಲ.

ಸೆಪ್ಟೆಂಬರಿನಲ್ಲಿ ಮೇಲಿನವರು ತಪಾಸಣೆಗೆ ಬಂದರು. ಹಾದಿಯ ತಿರುವಿನಲ್ಲೇ ಇರುವ ಇದನ್ನು ಯಾಕೆ ಬಿಟ್ಟಿದ್ದೀಯಾ, ಚಳಿಗಾಲಕ್ಕೆ ಮುಂಚೆ ತೆಗೆ ಎಂದು ಜೇಗೊನಿಗೆ ಹೇಳಿ ಹೋದರು. ಮರುದಿನ ಅವನು ಬಂದು ನನ್ನ ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಊರಿದ.

"ಗ್ವೆಂಡಾ, ನೀವೇ ಒಂದು ಮಾತು ಹೇಳಿ ಅವರಿಗೆ. ನಿಮ್ಮ ಗೆಳತಿ ಅಲ್ವಾ."

"ಅವಳ ಕೈಯಡುಗೆ ಅಷ್ಟು ವರ್ಷ ತಿಂದೋನು ಯಾರು? ನಾನಾ ನೀನಾ?"

"ಅದಕ್ಕೇ ಆಗ್ತಿಲ್ಲ."

"ಅವಳ ಮನೇಲಿ ಮಲಗೋಕೆ ಆಗತ್ತೆ, ಇದು ಆಗಲ್ವಾ?"

ಅವನ ಮುಖ ಕೆಂಪಾಯಿತು. ಅಷ್ಟು ಖಾರವಾಗಿ ಅನ್ನಬಾರದಿತ್ತು, ಆದರೆ ನನಗೆ ಸಂಕಟವಾದಾಗ ಬಾಯಿಗೆ ಬರುವುದು ಖಾರವೇ. ಕೊನೆಗೆ, ಹೇಳುವುದು ನೀನೇ, ಪಕ್ಕದಲ್ಲಿ ನಿಲ್ಲಲು ನಾನು ಬರುತ್ತೇನೆ ಎಂದು ಒಪ್ಪಿಕೊಂಡೆ.

ಆ ಭಾನುವಾರ ಅಂಗಡಿ ಮುಚ್ಚಿ ಅವನ ಜೊತೆ ಹೋದೆ. ಮೋಡ ಕಡಲಿನ ಮೇಲೆ ಕೂತಿತ್ತು, ಗ್ರಿಗ್ಗಿನ ಹೂವೆಲ್ಲ ತುಕ್ಕು ಬಣ್ಣಕ್ಕೆ ತಿರುಗಿತ್ತು. ಥರ್ಜಾ ಚಾಪೆಲ್ಲಿನ ಒಳ್ಳೆಯ ಕೋಟಿನಲ್ಲೇ ಮಂಡಿಯೂರಿ, ಒಂದು ಚಪ್ಪಟೆ ಕಲ್ಲಿನಿಂದ ನಾಯಿಯ ಹೊಲಸನ್ನು ಹುಲ್ಲಿನ ಮೇಲಿಂದ ಕೆರೆದು ತೆಗೆಯುತ್ತಿದ್ದಳು.

"ಆಂಟಿ," ಎಂದ ಜೇಗೊ. "ಇದನ್ನ ತೆಗೀಬೇಕಾಗಿದೆ."

"ಗೊತ್ತು. ನಿನ್ನೆಯದೋ ಏನೋ, ಒಣಗಿ ಅಂಟ್ಕೊಂಡಿದೆ."

"ಅದಲ್ಲ ಆಂಟಿ. ಹುಲ್ಲನ್ನ. ಎಲ್ಲಾನೂ."

ಅವಳು ಕಲ್ಲನ್ನು ಕೆಳಗಿಟ್ಟಳು. ನಾನು ನಡುವೆ ಬಾಯಿ ಹಾಕಿದೆ. "ಜೇಗೊ, ನಿಧಾನ ಕಣೋ. ಬೂದಿ ಹಾಕಿದ್ರೆ ಹೀಗಾಗತ್ತೆ ಅಂತ ಪಾಪ ಅವಳಿಗೇನು ಗೊತ್ತು."

"ನನಗೆ ಗೊತ್ತಿರ್ಲಿಲ್ಲ ಅಂತ ನಿನಗೆ ಯಾರೇ ಹೇಳಿದ್ದು?" ಎಂದಳು ಥರ್ಜಾ.

ಅವಳ ದನಿ ಏರಿರಲಿಲ್ಲ. ಕೋಟಿಗೆ ಅಂಟಿದ ಮಣ್ಣು ಕೊಡವುತ್ತಾ ಹೇಳಿದಳು.

"ಮದುವೆಯಾದಾಗಿಂದ ಬೆಳಿಗ್ಗೆ ಗಂಜಿ ಜೊತೆ ಮಣ್ಣು, ಸಂಜೆ ಸೂಪಿನ ಜೊತೆ ಮಣ್ಣು. ಯಾವುದು ಹಾಕಿದ್ರೆ ಯಾವುದು ಸಾಯತ್ತೆ, ಎಷ್ಟು ದಿನಕ್ಕೆ ಹುಲ್ಲು ಬರತ್ತೆ, ಹೇಗೆ ಹಬ್ಬತ್ತೆ, ಬೇಕಾದ್ರೆ ಈಗಲೇ ಪರೀಕ್ಷೆ ತಗೊಳ್ಳಿ, ಪಾಸಾಗ್ತೀನಿ. ಅವನು ಹೇಳಿದ್ದು ಒಂದೂ ಮರೆತಿಲ್ಲ. ಬೇರೆ ಮಾತು ಆಡಿದ್ರೆ ತಾನೇ ಮರೆಯೋಕೆ?"

"ಮತ್ತೆ ಯಾಕೆ ಆಂಟಿ?" ಎಂದ ಜೇಗೊ.

"ಹುಲ್ಲು ಬರ್ಲಿ ಅಂತಲೇ. ಬಂಡೆಯಿಂದ ಕೆಳಗೆ ಚೆಲ್ಲಿದ್ರೆ ಏನು ಉಳೀತಿತ್ತು ನನಗೆ? ಇಲ್ಲಿ ಸುರಿದ್ರೆ ಹಸಿರಾಗತ್ತೆ, ಇಲ್ಲೇ ಇದಾನೆ ಅಂತ ಕಣ್ಣಿಗೆ ಕಾಣತ್ತೆ ಅಂತ ಗೊತ್ತಿದ್ದೇ ಸುರಿದೆ. ಅವನು ಬದುಕಿದ್ದಷ್ಟು ದಿನ ಈ ತುದಿಗೇ ಇದ್ದ. ನನ್ನ ತಂಗಿ ಮದುವೆಗೆ ಬರ್ಲಿಲ್ಲ, ಪೊದೆ ಸುಡೋಕೆ ಗಾಳಿ ಸರಿಯಾಗಿದೆ ಅಂತ ಇಲ್ಲೇ ಉಳ್ಕೊಂಡ. ನನ್ನ ಹೊಟ್ಟೇಲಿದ್ದ ಮಗು ಹೋದ ದಿನ ಸಂಜೆ ಬಂದು ಕೂತು, ಯಾವುದೋ ಹಕ್ಕಿ ಗೂಡು ಕಟ್ಟಿದೆ ಅಂದ. ಇಷ್ಟು ದೊಡ್ಡ ತುದಿ ಇದು. ಇದರಲ್ಲಿ ಒಂದು ಮಂಚದಗಲ ನನಗೆ ಬಿಟ್ಟುಕೊಟ್ರೆ ಇದರ ಗಂಟೇನು ಹೋಗತ್ತೆ?"

ನನಗೆ ನಾಚಿಕೆಯಾಯಿತು. ಪಾಪ ಪಾಪ ಎಂದು ಎರಡು ವರ್ಷ ಬನ್ನಿಗೆ ಬೆಣ್ಣೆ ಹಚ್ಚಿ ಕೊಟ್ಟಿದ್ದೆ, ಅವಳೊಳಗೆ ಇಂಥ ಸಿಟ್ಟಿದೆ ಎಂದು ಒಂದು ದಿನವೂ ಅನಿಸಿರಲಿಲ್ಲ.

ಜೇಗೊ ಟೊಪ್ಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ. "ಒಂದು ಕೆಲಸ ಮಾಡ್ತೀನಿ ಆಂಟಿ. ಮಣ್ಣಿನ ಸಮೇತ ಹುಲ್ಲನ್ನ ಹಾಗೇ ಎತ್ಕೊಂಡು ಹೋಗಿ ಮನೆ ಹಿತ್ತಲಲ್ಲಿ ಹಾಸ್ತೀನಿ. ನೀವು ಯಾವಾಗ ಬೇಕಾದ್ರೂ ಬಂದು ಕೂತ್ಕೊಳ್ಳಿ. ಯಾರೂ ಏನೂ ಅನ್ನಲ್ಲ."

"ನನ್ನ ಹಿತ್ತಲಿಗೆ ನಾನು ಬೆಲ್ ಒತ್ತಿ ಬರ್ಲಾ?"

ಹಾದಿಯಲ್ಲಿ ಕೋಲು ಹಿಡಿದ ಗಂಡಹೆಂಡಿರಿಬ್ಬರು ಬಂದು, ಹುಲ್ಲಿನ ಕಡೆ ಆಸೆಯಿಂದ ನೋಡಿ, ನಮ್ಮ ಮುಖ ಕಂಡು ಮುಂದೆ ಹೋದರು. ಅವರು ತಿರುವು ದಾಟುವವರೆಗೂ ಥರ್ಜಾ ಕಾದಳು.

"ಒಂದು ಕೇಳ್ತೀನಿ, ನಿಜ ಹೇಳು," ಎಂದಳು. "ನೀನು ಅವನ ಜೊತೆ ನನಗಿಂತ ಜಾಸ್ತಿ ಹೊತ್ತು ಇದ್ದೋನು. ನಾನು ಮೊದಲು ಹೋಗಿ, ಈ ಗ್ವೆಂಡಾನೋ ಯಾರೋ ನನ್ನ ಬೂದಿ ತಂದು ಇಲ್ಲಿ ಸುರಿದಿದ್ರೆ, ಹೆಡ್ಲಿ ನನ್ನನ್ನ ಅಗೆದು ಹಾಕ್ತಿದ್ನಾ? ಇಲ್ಲ ಅನ್ನು, ಹುಲ್ಲು ಇರ್ಲಿ. ಮೇಲಿನವರ ಹತ್ರ ನಾನೇ ಜಗಳ ಆಡ್ತೀನಿ. ಹೌದು ಅಂದ್ರೆ ನೀನು ನಿನ್ನ ಕೆಲಸ ಮಾಡು."

ಸುಳ್ಳು ಹೇಳೋ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ಸುಳ್ಳು ಇರುವುದೇ ಇಂಥ ಹೊತ್ತಿಗೆ. ಇಲ್ಲ ಆಂಟಿ, ನಿಮ್ಮದನ್ನ ಮುಟ್ಟುತ್ತಿರಲಿಲ್ಲ ಎಂದರೆ ಯಾವ ಗ್ರಿಗ್ಗಿನ ಪ್ರಾಣ ಹೋಗುತ್ತಿತ್ತು? ಆದರೆ ಜೇಗೊ ಹೆಡ್ಲಿಯ ಕೈಕೆಳಗೆ ಪಳಗಿದವನು, ಅವನಿಂದ ಕಲಿತದ್ದರಲ್ಲಿ ನಯವಾಗಿ ನಡೆಯುವುದು ಇರಲಿಲ್ಲ.

"ಅವರಮ್ಮಂದು ತೆಗೆದ್ರು," ಎಂದ.

"ಯಾರಮ್ಮ?"

"ಹೆಡ್ಲಿ ಅವರಮ್ಮ. ಪಡುವಣ ಹಾದಿ ಹತ್ರ, ಬೇಲಿ ದಾಟೋ ಮೆಟ್ಟಿಲ ಪಕ್ಕ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಇಬ್ಬರೂ ಸೇರಿ ಅಗೆದ್ವಿ."

ಆ ಮುದುಕಿಯ ವಿಷಯ ಊರಿಗೇ ಗೊತ್ತು. ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಿದ್ದವಳನ್ನು ಎತ್ತಿ ಇಳಿಸಿ ತೊಳೆದು ಬಳಿದು ನೋಡಿಕೊಂಡವಳು ಥರ್ಜಾ. ಬೂದಿಯನ್ನು ಮೆಟ್ಟಿಲ ಪಕ್ಕ ಸುರಿದದ್ದು ಹೆಡ್ಲಿಯ ಅಕ್ಕ, ತಮ್ಮನಿಗೆ ತಿಳಿಸದೆ, ಥರ್ಜಾಳನ್ನು ಮಾತ್ರ ಜೊತೆಗೆ ಕರೆದುಕೊಂಡು. ಹುಲ್ಲು ಬಂದ ಮೇಲೆ ಹೆಡ್ಲಿಗೂ ಅದು ಯಾರದೆಂದು ತಿಳಿಯಿತು.

"ಮಳೆಗೆ ಕೊಚ್ಕೊಂಡು ಹೋಗಿರತ್ತೆ ಅಂದಿದ್ದ ನನಗೆ," ಎಂದಳು ಥರ್ಜಾ. "ನಾನು ಪ್ರಿಮ್‌ರೋಸ್ ಹೂ ತಗೊಂಡು ಬಂದು ಹುಡುಕಿದ್ದೆ. ಅವನೂ ನನ್ನ ಜೊತೆ ಹುಡುಕಿದ." ಜೇಗೊನ ಕಡೆ ತಿರುಗಿ ಕೇಳಿದಳು, "ಅಗೆಯೋವಾಗ ಏನಂದ?"

"ಏನೂ ಅನ್ಲಿಲ್ಲ ಆಂಟಿ. ಗಾಡಿ ತುಂಬಿದ ಮೇಲೆ, ನಡಿ ಚಹಾ ಕುಡಿಯೋಣ ಅಂದ್ರು."

"ಅತ್ತನಾ?"

ಜೇಗೊ ತಲೆ ಅಲ್ಲಾಡಿಸಿದ. ಇಲ್ಲ ಎಂದು.

ಅವಳು ಹುಲ್ಲಿನ ಮೇಲೆ ಇನ್ನೊಮ್ಮೆ ಅಂಗೈ ಇಡುತ್ತಾಳೇನೋ ಎಂದು ನಾನು ನೋಡುತ್ತಿದ್ದೆ. ಇಡಲಿಲ್ಲ. ಬಂಡೆ ಹಿಡಿದು ಎದ್ದು, ಕೈಗವಸು ಹಾಕಿಕೊಂಡಳು, ಒಂದೊಂದೇ ಬೆರಳು ಸರಿಮಾಡಿಕೊಂಡಳು.

"ಸಲಿಕೆ ಎಲ್ಲಿದೆ?"

"ವ್ಯಾನಲ್ಲಿ. ಇವತ್ತೇ ಆಗ್ಬೇಕು ಅಂತೇನಿಲ್ಲ ಆಂಟಿ."

"ತಗೊಂಡು ಬಾ. ನಾನಿರೋವಾಗಲೇ ಆಗ್ಲಿ. ಆಳವಾಗಿ ತೆಗಿ, ಅವನು ಹೇಳ್ತಿದ್ದಷ್ಟು ಆಳ. ಮೇಲೆ ಮೇಲೆ ಕೆರೆದ್ರೆ ಮತ್ತೆ ಬರತ್ತೆ."

ಜೇಗೊ ಸಲಿಕೆ, ಕೈಗಾಡಿ ತಂದ. ಅವನು ಅಗೆಯುತ್ತಾ ಮೂಗು ಒರೆಸಿಕೊಳ್ಳುತ್ತಿದ್ದ. ಹುಲ್ಲಿನ ಬೇರು ದಟ್ಟವಾಗಿ ಹೆಣೆದುಕೊಂಡಿತ್ತು, ಪ್ರತಿ ಹೆಂಟೆ ಏಳುವಾಗ ಬಟ್ಟೆ ಹರಿದ ಸದ್ದಾಗುತ್ತಿತ್ತು. ಥರ್ಜಾ ಎದುರಿಗೇ ನಿಂತು, ಅಲ್ಲೊಂದು ಚೂರು ಉಳಿದಿದೆ, ಇಲ್ಲೊಂದು ಅಂಚಿದೆ ಎಂದು ಬೆರಳು ತೋರಿಸಿದಳು. ಕೆಳಗಿನ ಬಿಳಿ ಜಲ್ಲಿ ಕಾಣುವವರೆಗೂ ಬಿಡಲಿಲ್ಲ. ಕೊನೆಯ ಗಾಡಿ ಹೋಗುವಾಗ ಅದರ ಹಿಂದೆ ಹೋಗಲೂ ಇಲ್ಲ, ನೇರ ಬಂದರಿನ ಕಡೆಗೆ ಇಳಿಯುವ ಹಾದಿ ಹಿಡಿದಳು. ನಾನು ಅರ್ಧ ದಾರಿಯವರೆಗೆ ಜೊತೆಗಿದ್ದೆ. ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗ, ಮನೆಗೆ ಹೋಗೇ ಗ್ವೆಂಡಾ, ಚಳಿ ಇದೆ ಎಂದಳು.

ಆಮೇಲೆ ಅವಳು ತುದಿಗೆ ಬರಲಿಲ್ಲ. ಮರುವರ್ಷದ ಕೊನೆಗೆ ಆ ಜಲ್ಲಿಯಲ್ಲಿ ಗ್ರಿಗ್ಗಿನ ಸಸಿ ಕಾಣಿಸಿವೆ ಎಂದು ಜೇಗೊ ಹೇಳಲು ಬಂದ. ಕಾಣಿಸಲಿ ಬಿಡು, ನನಗ್ಯಾಕೆ ಹೇಳುತ್ತೀಯಾ ಎಂದು ಕಿಟಕಿ ಎಳೆದುಕೊಂಡೆ. ಅವನು ಸರಿಯಾದದ್ದನ್ನೇ ಮಾಡಿದ್ದ, ಅದೇ ನನಗೆ ತಡೆಯಲಾಗದ್ದು. ಹೆಡ್ಲಿಯ ಮೇಲೂ ಸಿಟ್ಟು ಬರುತ್ತದೆ. ಆದರೆ ಆಗಸ್ಟಿನಲ್ಲಿ ಇಡೀ ತುದಿ ನೇರಳೆಯಾದಾಗ ಅಂಗಡಿಯಿಂದ ಹೊರಗೆ ಬಂದು ನಿಲ್ಲುವವಳೂ ನಾನೇ.

ಮೊನ್ನೆ ಬಂದರಿನ ಮೆಟ್ಟಿಲ ಬಳಿ ಥರ್ಜಾ ಸಿಕ್ಕಿದಳು. ಮೀನಿನ ಪೊಟ್ಟಣ ಹಿಡಿದುಕೊಂಡಿದ್ದಳು. ಚಾಪೆಲ್ಲಿನ ಸ್ಮಶಾನದಲ್ಲಿ ಜಾಗ ಗೊತ್ತು ಮಾಡಿಕೊಂಡು ಬಂದೆ ಎಂದಳು.

"ನನ್ನನ್ನ ಸುಡಬೇಡಿ, ಹೂಳಿ. ನಿನಗೂ ಹೇಳಿರ್ತೀನಿ, ನೆನಪಿಟ್ಕೋ."

"ಈಗ್ಯಾಕೇ ಆ ಮಾತು?"

"ಚಾಪೆಲ್ಲಿನವರು ಈಗಲೇ ಕೇಳಿದ್ರು, ಹೇಳಿದೆ. ಗಂಡ ಹೆಂಡತಿಗೆ ಜೋಡಿ ಜಾಗ ಬೇಕಾ, ಒಬ್ಬರಿಗೆ ಸಾಕಾ ಅಂದ್ರು. ಒಬ್ಬಳಿಗೆ ಸಾಕು ಅಂದೆ."